ಮೊದಲ ಹಾಲಿನ ಕಾವಲು ಪತ್ತೆಯಾದ ಕಥೆ

ಕೊಪ್ಪಳದ ಹಳ್ಳಿಗಳಲ್ಲಿ ಎಮ್ಮೆ ಈದರೆ ಅಕ್ಕಪಕ್ಕದ ಮನೆಗೂ ಗಿಣ್ಣು ಹೋಗುತ್ತದೆ. ಬಾಣಂತಿಯ ಮೊದಲ ಹಳದಿ ಹಾಲನ್ನು ಮಾತ್ರ ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಹಾಕುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಹಾಲು ಕುಡಿಸಿ ಎಂದು ಆಶಾ ಕಾರ್ಯಕರ್ತೆಯರು ಹೇಳುತ್ತಲೇ ಇರುತ್ತಾರೆ. ಆ ಹಾಲಿನಲ್ಲಿ ಏನಿದೆ ಎಂದು ತಿಳಿಯಲು ವಿಜ್ಞಾನಿಗಳಿಗೂ ಬಹಳ ಕಾಲ ಹಿಡಿಯಿತು.

ಕಥೆ ಗುಲಗಂಜಿಯಿಂದ ಶುರು. 1892ರ ಸುಮಾರಿಗೆ ಜರ್ಮನಿಯ ಪಾಲ್ ಎರ್ಲಿಕ್ ಗುಲಗಂಜಿ ಮತ್ತು ಔಡಲ ಬೀಜದ ವಿಷವನ್ನು ಇಲಿಗಳಿಗೆ ಸ್ವಲ್ಪ ಸ್ವಲ್ಪವೇ ಕೊಟ್ಟು ತಡೆಯುವ ಶಕ್ತಿ ಬರಿಸಿದರು. ಆಮೇಲೆ ಮರಿಗಳನ್ನು ಅದಲುಬದಲು ಮಾಡಿದರು. ಅಂಥ ಇಲಿಯ ಹಾಲು ಕುಡಿದ ಬೇರೆ ಇಲಿಯ ಮರಿಗಳಿಗೂ ಆ ಶಕ್ತಿ ಬಂತು.

ಮನುಷ್ಯರ ವಿಷಯ ಅಷ್ಟು ಸಲೀಸಾಗಿರಲಿಲ್ಲ. ಕರುವಿಗೆ ತಾಯಿಯ ಪ್ರತಿಕಾಯಗಳು, ಅಂದರೆ ರೋಗಾಣು, ವಿಷಗಳನ್ನು ತಡೆಯುವ ಪ್ರೋಟೀನುಗಳು, ಸಿಗುವುದು ಗಿಣ್ಣು ಹಾಲಿನಿಂದಲೇ. ನಮ್ಮ ಕೂಸಿಗೆ ಅವು ಹೊಟ್ಟೆಯಲ್ಲಿದ್ದಾಗಲೇ ಮಾಸಿನ ಮೂಲಕ ಬಂದಿರುತ್ತವೆ. ಹಾಲಿನಲ್ಲಿರುವ ಪ್ರತಿಕಾಯ ಕೂಸಿನ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಹಾಗಾದರೆ ಅದು ಸುಮ್ನೆ ಇದೆಯಾ?

1961ರಲ್ಲಿ ಸ್ವೀಡನ್ನಿನ ಲಾರ್ಸ್ ಹ್ಯಾನ್ಸನ್, ಹಾಲಿನ ಪ್ರತಿಕಾಯ ರಕ್ತದಲ್ಲಿರುವಂಥದ್ದಲ್ಲ ಎಂದು ತೋರಿಸಿದರು. ಈಗ ಅದರ ಹೆಸರು ಸೆಕ್ರೀಟರಿ ಐಜಿಎ. ಇದು ಜೀರ್ಣರಸಕ್ಕೆ ಬೇಗ ಜಗ್ಗುವುದಿಲ್ಲ. ಕರುಳಿನಲ್ಲೇ ಉಳಿದು, ರೋಗಾಣು ಅಲ್ಲಿ ಅಂಟಿಕೊಳ್ಳದಂತೆ ತಡೆಯುತ್ತದೆ. ರಕ್ತಕ್ಕೆ ಹೋಗುವ ಅಗತ್ಯವೇ ಇಲ್ಲ. ಚೆಲ್ಲುತ್ತೇವಲ್ಲ, ಆ ಹಳದಿ ಹಾಲಿನಲ್ಲೇ ಇದು ಎಲ್ಲಕ್ಕಿಂತ ಜಾಸ್ತಿ. ಆಮೇಲೆ ಲೀಟರಿಗೆ ಸುಮಾರು 1 ಗ್ರಾಂಗೆ ಇಳಿಯುತ್ತದೆ.

ನನಗೆ ತುಂಬ ಹಿಡಿಸಿದ್ದು 1975ರ ಪ್ರಯೋಗ. ದಿನ ತುಂಬುತ್ತಿದ್ದ ಗರ್ಭಿಣಿಯರಿಗೆ ಅಪಾಯವಿಲ್ಲದ ಒಂದು ಬಗೆಯ ಇ-ಕೋಲಿ ಬ್ಯಾಕ್ಟೀರಿಯಾವನ್ನು ಕುಡಿಸಿದರು. ಅದಕ್ಕೆ ತಕ್ಕ ಪ್ರತಿಕಾಯ ತಯಾರಿಸುವ ಕೋಶಗಳು ಅವರ ಮೊದಲ ಹಾಲಿನಲ್ಲಿ ಸಿಕ್ಕವು. ತಾಯಿಯ ಕರುಳಿನಲ್ಲಿ ಪಳಗಿದ ಕೋಶಗಳು ಮೊಲೆಗೆ ಬಂದು ಸೇರುತ್ತವೆ. ಅವನ್ನು ಅಲ್ಲಿಗೆ ಸೆಳೆಯುವುದು ಸಿಸಿಎಲ್28 ಎಂಬ ಪ್ರೋಟೀನ್ ಎಂದು ಮುಂದೆ ಗೊತ್ತಾಯಿತು. ಹೆರಿಗೆಗೆಂದು ತಿಂಗಳುಗಟ್ಟಲೆ ಮೊದಲೇ ತವರಿಗೆ ಬರುವ ನಮ್ಮ ಕಡೆಯ ಪದ್ಧತಿಗೂ ಇದರಿಂದ ಒಂದು ಲಾಭ ಇದ್ದೀತು. ಕೂಸು ಎದುರಿಸಬೇಕಾದದ್ದು ಆ ಮನೆಯ ನೀರು, ಆ ಓಣಿಯ ಸೋಂಕನ್ನೇ ಅಲ್ವಾ?

ಇಷ್ಟು ದಿನ ಎಲ್ಲರೂ ನೋಡಿದ್ದು ಕೂಸಿನ ಲಾಭವನ್ನು. ಹಾಲೂಡಿಸಿದ ಪ್ರತಿ 12 ತಿಂಗಳಿಗೆ ತಾಯಿಗೆ ಸ್ತನ ಕ್ಯಾನ್ಸರ್ ಬರುವ ಅಪಾಯ ಶೇ 4.3ರಷ್ಟು ಇಳಿಯುತ್ತದೆ ಎಂದು 30 ದೇಶಗಳ ಮಾಹಿತಿ ಸೇರಿಸಿ 2002ರಲ್ಲಿ ಲೆಕ್ಕ ಹಾಕಿದರು. ಕಾರಣದ ಒಂದು ಎಳೆ 2025ರಲ್ಲಿ ಮೆಲ್ಬರ್ನ್ ಸಂಶೋಧಕರಿಗೆ ಸಿಕ್ಕಿತು. ಮಕ್ಕಳನ್ನು ಹೆತ್ತು ಹಾಲೂಡಿಸಿದವರ ಮೊಲೆಯಲ್ಲಿ ಸಿಡಿ8 ಟಿ ಎಂಬ ರಕ್ಷಣಾ ಕೋಶಗಳು ವರ್ಷಗಟ್ಟಲೆ ಉಳಿದಿರುತ್ತವೆ.