ಬಲೆಯ ಕಣ್ಣು ಮತ್ತು ಪತಂಗದ ಮೊಟ್ಟೆ

ಮಳೆಗಾಲ ಮುಗಿದು ಧಾರವಾಡದ ಹಿತ್ತಲುಗಳಲ್ಲಿ ಎಲೆಕೋಸು, ಹೂಕೋಸುಗಳ ಸಸಿ ನೆಡುವ ಹೊತ್ತಿಗೆ ಬೂದುಗಂದು ಬಣ್ಣದ ಪುಟ್ಟ ಪತಂಗವೊಂದು ಅಲ್ಲಿ ಸುಳಿದಾಡತೊಡಗುತ್ತದೆ. ರೆಕ್ಕೆ ಮಡಚಿ ಕುಳಿತಾಗ ಬೆನ್ನಿನ ಮೇಲೆ ವಜ್ರದಾಕಾರದ ತಿಳಿಬಣ್ಣದ ಗುರುತುಗಳು ಕಾಣುವುದರಿಂದ ಅದಕ್ಕೆ ವಜ್ರಬೆನ್ನಿನ ಪತಂಗ ಎಂದು ಹೆಸರು. ಕೋಸಿನ ಜಾತಿಯ ಗಿಡಗಳು ತಮ್ಮ ರಕ್ಷಣೆಗಾಗಿ ಸಾಸಿವೆಯ ಘಾಟಿಗೆ ಕಾರಣವಾಗುವ ರಾಸಾಯನಿಕಗಳನ್ನು ಎಲೆಗಳಲ್ಲಿ ಇಟ್ಟುಕೊಂಡಿರುತ್ತವೆ. ಬಹಳಷ್ಟು ಕೀಟಗಳನ್ನು ದೂರವಿಡುವ ಆ ಘಾಟೇ ಈ ಹೆಣ್ಣು ಪತಂಗಕ್ಕೆ ಮೊಟ್ಟೆಯಿಡಲು ತಕ್ಕ ಜಾಗವನ್ನು ತೋರಿಸಿಕೊಡುತ್ತದೆ. ಬೆಚ್ಚನೆಯ ಹವೆಯಿದ್ದರೆ ಮೊಟ್ಟೆ ಕೆಲವೇ ದಿನಗಳಲ್ಲಿ ಒಡೆದು, ಎರಡು-ಮೂರು ವಾರಗಳಲ್ಲಿ ಹೊಸ ಪೀಳಿಗೆಯ ಪತಂಗಗಳು ಹಾರಾಡುತ್ತವೆ. ಇಷ್ಟು ಬೇಗ ಪೀಳಿಗೆ ಬದಲಾಗುವ ಕೀಟವು ವಿಷಕ್ಕೂ ಬೇಗನೆ ಒಗ್ಗಿಕೊಳ್ಳುತ್ತದೆ. ಡಿಡಿಟಿಗೆ ಇದು ಬಗ್ಗದಿರುವುದು ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿ 1953ರಲ್ಲಿಯೇ ದಾಖಲಾಗಿತ್ತು. ಆದ್ದರಿಂದ ಮನೆಮಂದಿ ತಿನ್ನಲೆಂದು ಬೆಳೆಯುವ ಹತ್ತಿಪ್ಪತ್ತು ಗಿಡಗಳಿಗೆ, ಮೊಟ್ಟೆಯೇ ಎಲೆಗೆ ಬೀಳದಂತೆ ತಡೆಯುವ ಬಲೆಯು ಸಿಂಪರಣೆಗಿಂತ ಎಷ್ಟೋ ಮೇಲು.

ಬಲೆಯ ಕಣ್ಣಿನ ಅಳತೆಯ ಮೇಲೆ ಎಲ್ಲವೂ ನಿಂತಿದೆ. ಕರಿಬೇವು, ನಿಂಬೆಯ ಚಿಗುರಿನ ಮೇಲೆ ಒಂದೊಂದೇ ಮೊಟ್ಟೆಯಿಟ್ಟು ಹೋಗುವ ನಿಂಬೆ ಚಿಟ್ಟೆಯಂತಹ ದೊಡ್ಡ ಚಿಟ್ಟೆಗಳನ್ನು ತಡೆಯಲು ಐದಾರು ಮಿಲಿಮೀಟರ್ ಕಣ್ಣಿನ ಬಲೆ ಸಾಕು. ವಜ್ರಬೆನ್ನಿನ ಪತಂಗ ಅದರೊಳಗೆ ಸರಾಗವಾಗಿ ನುಸುಳುತ್ತದೆ. ಸೊಳ್ಳೆಪರದೆಯ ಕಣ್ಣು ಸಾಮಾನ್ಯವಾಗಿ 1.2ರಿಂದ 1.5 ಮಿಲಿಮೀಟರ್ ಇರುವುದರಿಂದ, ಮೂಲೆಯಲ್ಲಿ ಬಿದ್ದ ಹಳೆಯ ಪರದೆಯೇ ಈ ಕೆಲಸಕ್ಕೆ ಒಪ್ಪುತ್ತದೆ; ಆದರೆ ಮಲೇರಿಯಾ ತಡೆಗಾಗಿ ಕೀಟನಾಶಕ ಸೇರಿಸಿ ತಯಾರಿಸಿದ ಪರದೆಯನ್ನು ತಿನ್ನುವ ಬೆಳೆಗೆ ಖಂಡಿತ ಹೊದಿಸಬಾರದು. ಹೊಲದ ಸುತ್ತ ಕಾಡುಹಂದಿಗಾಗಿ ಕಟ್ಟುವ ಹಳೆಯ ಸೀರೆಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಒತ್ತಾದ ಬಟ್ಟೆಯು ಬೆಳಕು ಮತ್ತು ಗಾಳಿ ಎರಡನ್ನೂ ತಡೆಯುತ್ತದೆ.

ಪರದೆಯನ್ನು ಗಿಡದ ಮೇಲೆ ನೇರವಾಗಿ ಹಾಸಿದರೆ, ಎಲೆ ತಾಗಿದ ಕಡೆಯಲ್ಲಿ ಚಿಟ್ಟೆಯು ಹೊರಗೆ ಕುಳಿತೇ ಹೊಟ್ಟೆಯ ತುದಿಯನ್ನು ಕಣ್ಣಿನೊಳಗೆ ತೂರಿಸಿ ಮೊಟ್ಟೆಯಿಡಬಲ್ಲದು. ಹಾಗಾಗಿ ಬಿದಿರಿನ ಸೀಳುಗಳನ್ನೋ ಹನಿ ನೀರಾವರಿಯ ಹಳೆಯ ಪೈಪುಗಳನ್ನೋ ಕಮಾನಿನಂತೆ ಬಾಗಿಸಿ ನೆಟ್ಟು, ಬಲಿತ ಗಿಡಕ್ಕೂ ತಾಗದಷ್ಟು ಎತ್ತರದಲ್ಲಿ ಪರದೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಸಡಿಲವಾಗಿ ಜೋತುಬಿದ್ದ ಬಲೆಯಲ್ಲಿ ಹಕ್ಕಿಗಳೂ ಹಾವುಗಳೂ ಸಿಕ್ಕಿಕೊಂಡು ಸಾಯುತ್ತವೆ ಎಂಬುದನ್ನು ಮರೆಯಬಾರದು. ಅಂಚುಗಳನ್ನು ಮಣ್ಣಿನಲ್ಲಿ ಹೂಳುವುದು ಮಸಾರಿ ನೆಲದಲ್ಲಿ ಸುಲಭ. ಗದಗ, ನವಲಗುಂದದ ಕಡೆಯ ಎರೆ ಮಣ್ಣು ಒಣಗಿದಂತೆ ಬಿರಿದು ಅಂಚಿನಲ್ಲೇ ದಾರಿ ಬಿಟ್ಟುಕೊಡುವುದರಿಂದ, ಅಲ್ಲಿ ಅಂಚಿನ ಮೇಲೆ ಕಲ್ಲು ಅಥವಾ ಮಣ್ಣು ತುಂಬಿದ ಚೀಲಗಳನ್ನು ಸಾಲಾಗಿ ಹೇರಿ ಆಗಾಗ ನೋಡುತ್ತಿರಬೇಕು.

ಸಸಿ ನೆಟ್ಟ ದಿನವೇ, ಎಲೆಗಳ ಅಡಿಯಲ್ಲಿ ಮೊಟ್ಟೆಯಾಗಲಿ ಮರಿಹುಳುವಾಗಲಿ ಇಲ್ಲವೆಂದು ನೋಡಿಕೊಂಡು ಪರದೆ ಹಾಕಬೇಕು. ಮಣ್ಣನ್ನೂ ಯೋಚಿಸಬೇಕಾಗುತ್ತದೆ. ಎಲೆ ತಿನ್ನುವ ಸ್ಪೊಡಾಪ್ಟೆರಾ ಹುಳು ಕೋಶಾವಸ್ಥೆಯನ್ನು ಮಣ್ಣಿನೊಳಗೆ ಕಳೆಯುತ್ತದೆ. ಹಿಂದಿನ ಬೆಳೆಗೆ ಅದು ಬಿದ್ದಿದ್ದ ಮಡಿಯಲ್ಲೇ ಮತ್ತೆ ನೆಟ್ಟು ಮುಚ್ಚಿದರೆ, ಹೊರಬಂದ ಪತಂಗಕ್ಕೆ ಹಕ್ಕಿಗಳ ಭಯವಿಲ್ಲದ ಬೀಡೊಂದನ್ನು ನಾವೇ ಕಟ್ಟಿಕೊಟ್ಟಂತಾಗುತ್ತದೆ.

ಈ ಪರದೆಗೆ ಮಿತಿಗಳೂ ಇವೆ. ಬ್ಯಾಡಗಿ ಸೀಮೆಯ ಮೆಣಸಿನ ಗಿಡಕ್ಕೆ ಎಲೆ ಮುರುಟಿಕೊಳ್ಳುವ ಮುಟರು ರೋಗ ತರುವ ಥ್ರಿಪ್ಸ್ ನುಸಿಯು ಸುಮಾರು ಒಂದು ಮಿಲಿಮೀಟರ್ ಉದ್ದವಿದ್ದು, ಅದಕ್ಕಿಂತ ಎಷ್ಟೋ ತೆಳ್ಳಗಿರುವುದರಿಂದ ಸೊಳ್ಳೆಪರದೆ ಅದನ್ನು ತಡೆಯಲಾರದು. ಸಸ್ಯಹೇನು ಒಳಹೊಕ್ಕರೆ, ಅದನ್ನು ತಿನ್ನುವ ಗುಲಗಂಜಿ ಹುಳು ಹೊರಗೇ ಉಳಿಯುತ್ತದೆ. ಆಗ ಪರದೆ ಸರಿಸಿ, ಎಲೆಗಳನ್ನು ನೀರಿನ ರಭಸದಿಂದ ತೊಳೆಯಬೇಕು. ಕೋಸು, ಮೆಂತ್ಯ, ಪಾಲಕಗಳನ್ನು ನಾವು ಕಾಯಿಗಾಗಿ ಬೆಳೆಯುವುದಿಲ್ಲವಾದ್ದರಿಂದ ಕೊಯ್ಲಿನವರೆಗೂ ಮುಚ್ಚಿಡಬಹುದು. ಬದನೆ, ಟೊಮೆಟೊಗಳ ಹೂವಿನಲ್ಲಿ ಸ್ವಕೀಯ ಪರಾಗಸ್ಪರ್ಶ ನಡೆಯುವುದರಿಂದ, ಗಾಳಿ ಸಾಲದಾದರೆ ಗಿಡವನ್ನು ಮೆಲ್ಲಗೆ ಅಲುಗಿಸಿದರೆ ಸಾಕು. ಸೌತೆ, ಹೀರೆ, ಕುಂಬಳಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಅವು ಹೂ ಬಿಡತೊಡಗಿದ ಕೂಡಲೇ ಪರದೆ ತೆಗೆದು ಜೇನುನೊಣಗಳಿಗೆ ದಾರಿ ಬಿಡಬೇಕು.