ಸೌರಕಲೆ, ಸೌರಜ್ವಾಲೆ: ಅಂಗಳದಲ್ಲಿ ನಿಂತು ಸೂರ್ಯನನ್ನು ನೋಡುವವರಿಗೆ

ಆಕಾಶ ನೋಡುವ ಹವ್ಯಾಸ ಎಂದರೆ ರಾತ್ರಿ ನಿದ್ದೆ ಬಿಡುವ ಕೆಲಸ ಎಂದೇ ಹೆಚ್ಚಿನವರ ಎಣಿಕೆ. ಹಗಲಿಗೂ ಒಂದು ನಕ್ಷತ್ರ ಇದೆ ಅಲ್ವಾ? ಉಳಿದ ನಕ್ಷತ್ರಗಳು ನಮ್ಮ ಟೆಲಿಸ್ಕೋಪಿಗೆ ಬರೀ ಚುಕ್ಕಿಗಳು. ಮೈಮೇಲೆ ಏನಾಗುತ್ತಿದೆ ಎಂದು ನಮಗೆ ಕಾಣುವಷ್ಟು ಹತ್ತಿರ ಇರುವುದು ಸೂರ್ಯ ಮಾತ್ರ. ಆ ಮೈಮೇಲಿನ ಸಂಗತಿಗಳಿಗೆ ಸಂಬಂಧಿಸಿದ ಎರಡು ಪದಗಳು ಸೌರಕಲೆ ಮತ್ತು ಸೌರಜ್ವಾಲೆ. ಇವೆರಡೂ ಬೇರೆ ಬೇರೆ, ಆದರೆ ಹುಟ್ಟುವುದು ಒಂದೇ ಕಾರಣದಿಂದ. ಒಂದನ್ನು ಕಣ್ಣಾರೆ ನೋಡಬಹುದು. ಇನ್ನೊಂದನ್ನು ಹಿಡಿಯಬೇಕಾದರೆ ಬೇರೆ ದಾರಿ ಬೇಕು.

‘ಎಂತ ಮಾರಾಯ್ರೆ, ಸೂರ್ಯನಿಗೂ ಕಲೆಯಾ?’ ಎಂದು ಉಡುಪಿಯಲ್ಲಿ ಯಾರಿಗೆ ತೋರಿಸಿದರೂ ಮೊದಲು ಕೇಳುತ್ತಾರೆ. ಅದು ಕೊಳೆಯಲ್ಲ, ತೂತೂ ಅಲ್ಲ. ಸೂರ್ಯನ ಮೇಲ್ಮೈಯ ಬಿಸಿ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಕಲೆ ಇರುವ ಜಾಗದಲ್ಲಿ ಅದು 4,000 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತದೆ. ಸುತ್ತಲಿನ ಹೊಳಪಿನ ಎದುರು ಅಷ್ಟು ಭಾಗ ಕಪ್ಪಾಗಿ ಕಾಣುತ್ತದೆ, ಅಷ್ಟೇ. ಅದನ್ನು ಬೇರೆಯಾಗಿ ಆಕಾಶದಲ್ಲಿ ಇಟ್ಟರೆ ಕಣ್ಣು ಕುಕ್ಕುವಷ್ಟು ಬೆಳಗುತ್ತದೆ.

ತಣ್ಣಗಾಗುವುದು ಯಾಕೆ? ಸೂರ್ಯನ ಒಳಗಿನ ಬಿಸಿ ಅನಿಲ ಕುದಿಯುತ್ತಾ ಮೇಲೆ ಬಂದು, ಶಾಖ ಬಿಟ್ಟು, ಮತ್ತೆ ಕೆಳಗಿಳಿಯುತ್ತದೆ. ಕೆಲವು ಕಡೆ ಕಾಂತಕ್ಷೇತ್ರ ಗಟ್ಟಿಯಾಗಿ ಮೇಲೆದ್ದು ಈ ಓಡಾಟವನ್ನು ತಡೆಯುತ್ತದೆ. ಕೆಳಗಿನ ಶಾಖ ಮೇಲೆ ಬರುವುದು ಕಡಿಮೆಯಾಗಿ ಆ ಜಾಗ ಆರುತ್ತದೆ. ಕಲೆಯೊಳಗಿನ ಕಾಂತಕ್ಷೇತ್ರ ಭೂಮಿಯದ್ದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ. ಇದನ್ನು 1908ರಲ್ಲಿ ಪತ್ತೆ ಮಾಡಿದವರು ಅಮೆರಿಕದ ಜಾರ್ಜ್ ಎಲರಿ ಹೇಲ್. ಕಲೆಯ ನಡುವೆ ಕಡುಗಪ್ಪು, ಸುತ್ತ ಎಳೆ ಎಳೆಯಾದ ಅರೆಗಪ್ಪು ಅಂಚು. ಆ ಅಂಚಿನಲ್ಲಿ ಅನಿಲ ಹೊರಮುಖವಾಗಿ ಹರಿಯುತ್ತದೆ ಎಂದು 1909ರಲ್ಲಿ ಕಂಡುಕೊಂಡದ್ದು ನಮ್ಮ ಕೊಡೈಕೆನಾಲ್ ವೀಕ್ಷಣಾಲಯದಲ್ಲಿದ್ದ ಜಾನ್ ಎವರ್ಷೆಡ್.

ಇನ್ನು ನೋಡುವ ಬಗೆ. ಇಲ್ಲಿ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಕಣ್ಣಿನ ವಿಷಯ. ಕಣ್ಣಿನ ಒಳಪರದೆಯಾದ ರೆಟಿನಾಕ್ಕೆ ನೋವು ಗೊತ್ತಾಗುವುದಿಲ್ಲ. ಸುಟ್ಟದ್ದು ತಿಳಿಯುವಾಗ ಹೊತ್ತು ಮೀರಿರುತ್ತದೆ. ಎಕ್ಸ್‌ರೇ ಫಿಲ್ಮು, ಸೆಗಣಿ ನೀರು, ಅರಿಶಿನ ನೀರು, ಸಿಡಿ, ಇವು ಯಾವುವೂ ಬೇಡ. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ತಂದ ಕನ್ನಡಕ ಕರಾವಳಿಯ ಎಷ್ಟೋ ಮನೆಗಳಲ್ಲಿ ಇನ್ನೂ ಇರಬಹುದು. ಅದರಲ್ಲಿ ಗೀರು ಅಥವಾ ತೂತು ಬಿದ್ದಿದ್ದರೆ ಬಿಸಾಡಿ. ಸರಿಯಾಗಿದ್ದರೆ ದೊಡ್ಡ ಕಲೆಗಳು ಅದರಲ್ಲೇ ಕಾಣುತ್ತವೆ. ಆದರೆ ಅದನ್ನು ಹಾಕಿಕೊಂಡು ಬೈನಾಕ್ಯುಲರಿಗೆ ಕಣ್ಣಿಡಲೇಬಾರದು. ಮಲ್ಪೆ, ಪಣಂಬೂರಿನಲ್ಲಿ ಮುಳುಗುವ ಕೆಂಪು ಸೂರ್ಯನನ್ನು ಬೈನಾಕ್ಯುಲರಿನಲ್ಲಿ ನೋಡುವುದೂ ಅಷ್ಟೇ ಅಪಾಯ. ಟೆಲಿಸ್ಕೋಪಿಗೆ ಫಿಲ್ಟರ್ ಹಾಕುವುದಾದರೆ ಮುಂದಿನ ಬಾಯಿಗೇ ಹಾಕಬೇಕು, ಕಣ್ಣಿಡುವ ಕಡೆ ಅಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬಿಂಬವನ್ನು ಕಾಗದದ ಮೇಲೆ ಬೀಳಿಸುವ ವಿಧಾನ. ಹಂಚಿನ ಮಾಡಿನ ಸಂದಿನಿಂದ ನೆಲಕ್ಕೆ ಬೀಳುವ ದುಂಡು ಬೆಳಕೂ ಸೂರ್ಯನ ಬಿಂಬವೇ. ಆದರೆ ಅದು ಚಿಕ್ಕದು, ಮಸುಕು. ಹಾಗಾಗಿ ಲೆನ್ಸ್ ಇರುವ ಸಣ್ಣ ಟೆಲಿಸ್ಕೋಪ್ ಬೇಕು. ಅದರ ಬಾಯಿಗೆ ರಟ್ಟು ಮುಚ್ಚಿ 5 ಸೆಂಟಿಮೀಟರ್ ತೂತು ಮಾತ್ರ ಬಿಡಿ, ಇಲ್ಲದಿದ್ದರೆ ಐಪೀಸ್, ಅಂದರೆ ಕಣ್ಣಿಡುವ ಕಡೆಯ ಲೆನ್ಸ್, ಬಿಸಿಯಾಗಿ ಹಾಳಾಗುತ್ತದೆ. ಗುರಿ ಹಿಡಿಯಲು ಪಕ್ಕದಲ್ಲಿರುವ ಪುಟ್ಟ ದೂರದರ್ಶಕಕ್ಕೂ (ಫೈಂಡರ್) ಮುಚ್ಚಳ ಇರಲಿ. ಮಕ್ಕಳು ಹತ್ತಿರ ಇದ್ದರೆ ಟೆಲಿಸ್ಕೋಪ್ ಬಿಟ್ಟು ಕದಲಬೇಡಿ.

ಕಾಗದದಲ್ಲಿ 15 ಸೆಂಟಿಮೀಟರ್ ಅಗಲದ ವೃತ್ತ ಬರೆದು, ಬಿಂಬ ಅದರೊಳಗೆ ಸರಿಯಾಗಿ ಕೂರುವಂತೆ ಕಾಗದವನ್ನು ಐಪೀಸಿನ ಹಿಂದೆ ಹಿಡಿದು ಹಿಂದೆ ಮುಂದೆ ಮಾಡಿ. ಆ ಅಳತೆಯಲ್ಲಿ ನಮ್ಮ ಇಡೀ ಭೂಮಿ ಒಂದು ಸಣ್ಣ ಸಾಸಿವೆ ಕಾಳಿನಷ್ಟು, ಒಂದೂವರೆ ಮಿಲಿಮೀಟರ್ ಕೂಡ ಇಲ್ಲ. ಕಲೆಯ ಪಕ್ಕ ಅಷ್ಟೇ ದೊಡ್ಡ ಚುಕ್ಕಿ ಹಾಕಿ ನೋಡಿ, ನೀವು ಏನನ್ನು ನೋಡುತ್ತಿದ್ದೀರಿ ಎಂಬ ಅಂದಾಜು ಆಗುತ್ತದೆ. ಕಾಣುವುದು ಕಲೆಯೋ ಧೂಳೋ ಎಂದು ಅನುಮಾನವಾದರೆ ಐಪೀಸನ್ನು ಮೆಲ್ಲ ತಿರುಗಿಸಿ. ಅದರೊಟ್ಟಿಗೆ ತಿರುಗಿದರೆ ಧೂಳು. ಬಿಂಬ ತಾನಾಗಿ ಸರಿಯುತ್ತಾ ಹೋಗುವ ದಿಕ್ಕು ಪಶ್ಚಿಮ, ಅದನ್ನು ಗುರುತು ಹಾಕಿಡಿ. ಹೊತ್ತೇರಿದರೆ ಅಂಗಳದ ಕೆಂಪುಕಲ್ಲು, ಟೆರೇಸು ಎಲ್ಲ ಕಾದು ಬಿಂಬ ನಡುಗತೊಡಗುತ್ತದೆ. ಬೆಳಿಗ್ಗೆ ಸೂರ್ಯ ಮರಗಳ ಮೇಲೆ ಬಂದ ಕೂಡಲೇ ನೋಡುವುದು ಒಳ್ಳೆಯದು.

ಎಣಿಕೆಗೂ ಒಂದು ಕ್ರಮ ಇದೆ. ಗುಂಪುಗಳ ಸಂಖ್ಯೆಯನ್ನು 10ರಿಂದ ಗುಣಿಸಿ, ಬಿಡಿ ಕಲೆಗಳ ಸಂಖ್ಯೆಯನ್ನು ಕೂಡಿಸಬೇಕು. 2 ಗುಂಪು, ಒಟ್ಟು 7 ಕಲೆ ಇದ್ದರೆ 27. ಒಂದೇ ಒಂದು ಕಲೆ ಇದ್ದರೂ ಅದು ಒಂದು ಗುಂಪೇ, ಹಾಗಾಗಿ 11. ಸ್ವಿಟ್ಜರ್ಲೆಂಡಿನ ರುಡಾಲ್ಫ್ ವುಲ್ಫ್ 1848ರಲ್ಲಿ ಶುರುಮಾಡಿದ ಲೆಕ್ಕ ಇದು. ದಿನಾ ಬರೆದಿಟ್ಟರೆ ಕಲೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸುಮಾರು ಎರಡು ವಾರದಲ್ಲಿ ದಾಟುವುದು ಕಾಣುತ್ತದೆ. ಸೂರ್ಯ ತಿರುಗುವುದಕ್ಕೆ ಅದೇ ಸಾಕ್ಷಿ. ಇನ್ನೂ ವರ್ಷಗಟ್ಟಲೆ ಬರೆದಿಟ್ಟರೆ ಸುಮಾರು 11 ವರ್ಷದ ಏರಿಳಿತ ಸಿಗುತ್ತದೆ. ಅದನ್ನು ಕಂಡುಹಿಡಿದದ್ದು ಜರ್ಮನಿಯ ಹವ್ಯಾಸಿ ಹೈನ್ರಿಚ್ ಶ್ವಾಬೆ. 1826ರಿಂದ 17 ವರ್ಷ ಪಟ್ಟು ಹಿಡಿದು ನೋಡಿದ ಫಲ ಅದು.

ಈಗ ಜ್ವಾಲೆಗೆ ಬರೋಣ. ಕಲೆಗಳ ಗುಂಪಿನ ಮೇಲೆ ಕಾಂತಕ್ಷೇತ್ರ ತಿರುಚಿ ಸಿಕ್ಕುಸಿಕ್ಕಾಗುತ್ತದೆ. ಒಂದು ಹಂತದಲ್ಲಿ ಅದು ಪಟ್ಟನೆ ಹೊಸ ಜೋಡಣೆಗೆ ಹೊರಳುತ್ತದೆ. ಕೂಡಿಟ್ಟ ಶಕ್ತಿ ಆಗ ಎಕ್ಸ್ ಕಿರಣ, ನೇರಳಾತೀತ ಬೆಳಕು, ರೇಡಿಯೋ ಅಲೆಗಳಾಗಿ ಹೊರಬೀಳುತ್ತದೆ. ಇದೇ ಸೌರಜ್ವಾಲೆ. ಹೆಸರು ಕೇಳಿ ಬೆಂಕಿಯ ನಾಲಗೆ ಎಂದುಕೊಳ್ಳಬಾರದು. ಫೋಟೋಗಳಲ್ಲಿ ಸೂರ್ಯನ ಅಂಚಿನಿಂದ ಕಮಾನಿನಂತೆ ಎದ್ದಿರುವುದು ಸೌರಚಾಚಿಕೆ, ಅದು ದಿನಗಟ್ಟಲೆ, ವಾರಗಟ್ಟಲೆ ನಿಲ್ಲುತ್ತದೆ. ಜ್ವಾಲೆ ಕೆಲವು ನಿಮಿಷಗಳ, ಹೆಚ್ಚೆಂದರೆ ಕೆಲವು ಗಂಟೆಗಳ ಮಿಂಚು.

ಜ್ವಾಲೆಗಳಿಗೆ ಎ, ಬಿ, ಸಿ, ಎಂ, ಎಕ್ಸ್ ಎಂಬ ದರ್ಜೆಗಳಿವೆ. ಒಂದೊಂದು ಮೆಟ್ಟಿಲಿಗೂ ಬಲ 10 ಪಟ್ಟು. 2024ರ ಅಕ್ಟೋಬರ್ 3ರಂದು ಎಕ್ಸ್9 ಮಟ್ಟದ್ದು, ಅಂದರೆ ಎಕ್ಸ್1ರ 9 ಪಟ್ಟು ಬಲದ್ದು, ಬಂದಿತ್ತು. ಕೆಲವು ಜ್ವಾಲೆಗಳ ಜೊತೆ ಸೂರ್ಯನ ಹೊರಕವಚದ ಅನಿಲವೂ ಎಸೆಯಲ್ಪಡುತ್ತದೆ. ಜ್ವಾಲೆಯ ಬೆಳಕು 8 ನಿಮಿಷ ಚಿಲ್ಲರೆಯಲ್ಲಿ ನಮ್ಮನ್ನು ಮುಟ್ಟಿದರೆ, ಈ ಅನಿಲಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. 2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯ ಆಕಾಶ ಕೆಂಪಾದದ್ದು ಇಂಥದ್ದರಿಂದಲೇ. ಅದನ್ನು ಕಳುಹಿಸಿದ ಕಲೆಗಳ ಗುಂಪು ಗ್ರಹಣದ ಕನ್ನಡಕದಲ್ಲೇ ಕಾಣುವಷ್ಟು ದೊಡ್ಡದಿತ್ತು. ಇಂಥ ಸ್ಫೋಟ ಇಲ್ಲದ ದಿನಗಳಲ್ಲೂ ಸೂರ್ಯನಿಂದ ವಿದ್ಯುದಾವೇಶದ ಕಣಗಳ ಹರಿವು, ಅಂದರೆ ಸೌರಮಾರುತ, ಬೀಸುತ್ತಲೇ ಇರುತ್ತದೆ. ಅದು ಬಿಡದೆ ಬೀಸುತ್ತದೆ ಎಂದು ಅಮೆರಿಕದ ಮ್ಯಾರಿನರ್ 2 ಬಾಹ್ಯಾಕಾಶ ನೌಕೆಯ ಮಾಹಿತಿಯಿಂದ ತೋರಿಸಿದವರಲ್ಲಿ ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ವಿಜ್ಞಾನಿ ಯು.ಆರ್. ರಾವ್ ಒಬ್ಬರು. ನಮ್ಮೂರ ಮಕ್ಕಳಿಗೆ ಇದನ್ನು ಹೇಳಲೇಬೇಕು.

ಸಾಮಾನ್ಯ ಫಿಲ್ಟರಿನಲ್ಲಿ ಜ್ವಾಲೆ ಕಾಣುವುದು ತೀರಾ ಅಪರೂಪ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಹೀಗೆಯೇ ಬಿಂಬ ಬೀಳಿಸಿ ಕಲೆಗಳ ಚಿತ್ರ ಬರೆಯುತ್ತಿದ್ದರು. ಗುಂಪಿನ ಮೇಲೆ ಎರಡು ಬೆಳ್ಳನೆಯ ಹೊಳಪು ಮೂಡಿತು. ಸಾಕ್ಷಿಗೆ ಯಾರನ್ನಾದರೂ ಕರೆತರಲು ಓಡಿ ಒಂದು ನಿಮಿಷದೊಳಗೆ ವಾಪಸ್ ಬಂದರೆ, ಹೊಳಪು ಆಗಲೇ ಮಂಕಾಗಿತ್ತು. ಮರುದಿನ ಟೆಲಿಗ್ರಾಫ್ ತಂತಿಗಳು ಅಸ್ತವ್ಯಸ್ತ. ಭೂಮಿಯ ಕಾಂತಕ್ಷೇತ್ರವನ್ನು ಕಲಕಿದ ಆ ಕಾಂತ ಬಿರುಗಾಳಿಯ ದಾಖಲೆ ಮುಂಬೈಯ ಕೊಲಾಬಾ ವೀಕ್ಷಣಾಲಯದಲ್ಲೂ ಇದೆ.

ಹೈಡ್ರೋಜನ್ ಸೂಸುವ ಒಂದು ಕೆಂಪು ಬೆಳಕನ್ನು (ಹೈಡ್ರೋಜನ್-ಆಲ್ಫಾ) ಮಾತ್ರ ಬಿಡುವ ಟೆಲಿಸ್ಕೋಪಿನಲ್ಲಿ ಜ್ವಾಲೆ ಚೆನ್ನಾಗಿ ಕಾಣುತ್ತದೆ, ಆದರೆ ಅದು ದುಬಾರಿ. ನಮ್ಮ ಕರಾವಳಿಗೆ ಹೇಳಿ ಮಾಡಿಸಿದಂಥ ಇನ್ನೊಂದು ದಾರಿ ರೇಡಿಯೋ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣುವುದೇ ಕಷ್ಟ, ಆದರೆ ರೇಡಿಯೋಗೆ ಮೋಡ ಅಡ್ಡ ಬರುವುದಿಲ್ಲ. ತಿರುನೆಲ್ವೇಲಿ ಕಡೆಯ ವಿಜಯನಾರಾಯಣಂನಲ್ಲಿರುವ ನೌಕಾಪಡೆಯ ಕೇಂದ್ರ 18.2 ಕಿಲೋಹರ್ಟ್ಸ್‌ನಲ್ಲಿ ಸಂದೇಶ ಕಳುಹಿಸುತ್ತದೆ. ಮರದ ಚೌಕಟ್ಟಿಗೆ ತಾಮ್ರದ ತಂತಿ ಸುತ್ತಿ, ಆಂಪ್ಲಿಫೈಯರ್ ಮೂಲಕ ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಕೊಟ್ಟು ಅದರ ಬಲವನ್ನು ಅಳೆದು ಪರದೆಯಲ್ಲಿ ಗೆರೆಯಾಗಿ ನೋಡಬಹುದು. ಸಂದೇಶ ಏನೆಂದು ನಮಗೆ ಬೇಕಿಲ್ಲ. ಹಗಲಲ್ಲಿ ಜ್ವಾಲೆಯ ಎಕ್ಸ್ ಕಿರಣ, ಈ ಅಲೆಗಳನ್ನು ನೆಲದತ್ತ ವಾಪಸ್ ಕಳಿಸುವ ವಾತಾವರಣದ ಮೇಲ್ಪದರಕ್ಕೆ ಬಡಿದಾಗ, ಸುಮ್ನೆ ಸಮವಾಗಿ ಹೋಗುತ್ತಿದ್ದ ಗೆರೆ ಒಮ್ಮೆಲೇ ಜಿಗಿದು ಅಥವಾ ಕುಸಿದು, ನಿಧಾನಕ್ಕೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಏಪ್ರಿಲ್-ಮೇ ತಿಂಗಳ ಸಿಡಿಲಿನ ಸಂಜೆಗಳಲ್ಲಿ ಮಾತ್ರ ಗೆರೆಯ ತುಂಬ ಗಲಾಟೆ.

ಗೆರೆ ಹೀಗೆ ಬದಲಾದ ಹೊತ್ತನ್ನು ಬರೆದಿಟ್ಟು, ಉಪಗ್ರಹಗಳು ದಾಖಲಿಸಿದ ಜ್ವಾಲೆಗಳ ಪಟ್ಟಿಯೊಂದಿಗೆ ಹೋಲಿಸಿ. ಅಲ್ಲಿ ಸಮಯ ಜಾಗತಿಕ ಲೆಕ್ಕದಲ್ಲಿರುತ್ತದೆ (ಯುಟಿಸಿ). ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದರೆ ತಾಳೆ ನೋಡಬಹುದು.