ದೂರು ಕೊಟ್ಟವರಿಗೇ ವಿಚಾರಣೆಯ ಫಲಿತಾಂಶ ಯಾಕೆ ತಿಳಿಸುವುದಿಲ್ಲ?

ಪ್ರಶ್ನೆ: ಜಮೀನಿನ ಪೋಡಿ (ಭಾಗವನ್ನು ಅಳೆದು ಪ್ರತ್ಯೇಕಿಸುವುದು) ಮಾಡಿಕೊಡಲು ದುಡ್ಡು ಕೇಳಿದ ನೌಕರನ ಮೇಲೆ ದೂರು ಕೊಟ್ಟಿದ್ದೆ. ಇಲಾಖಾ ವಿಚಾರಣೆ ನಡೆಯಿತು, ನಾನೂ ಹೋಗಿ ಹೇಳಿಕೆ ಕೊಟ್ಟೆ. ಏನಾಯಿತೆಂದು ಕೇಳಿದರೆ ‘ನಿಯಮಾನುಸಾರ ಕ್ರಮ ಕೈಗೊಳ್ಳಲಾಗಿದೆ’ ಎಂದು ಒಂದು ಸಾಲಿನ ಹಿಂಬರಹ ಬಂತು. ಆತ ಈಗ ಪಕ್ಕದ ತಾಲ್ಲೂಕಿನಲ್ಲಿ ಆರಾಮಾಗಿದ್ದಾನೆ. ತಮ್ಮವರನ್ನು ತಾವೇ ವಿಚಾರಿಸಿ ತಾವೇ ಮುಚ್ಚಿಹಾಕುವುದಾ?
(ಕೋಲಾರ ಜಿಲ್ಲೆಯ ಓದುಗರು)

ಉತ್ತರ: ಇಲಾಖಾ ವಿಚಾರಣೆಯಲ್ಲಿ ನೀವು ಕಕ್ಷಿದಾರರಲ್ಲ, ಸಾಕ್ಷಿ ಅಷ್ಟೆ. ಅದು ಸರ್ಕಾರ ಮತ್ತು ಅದರ ನೌಕರನ ನಡುವಿನ ವ್ಯವಹಾರ. ರಾಜ್ಯದಲ್ಲಿ ಇದು ನಡೆಯುವುದು 1957ರ ಸಿಸಿಎ ನಿಯಮಗಳ, ಅಂದರೆ ಸರ್ಕಾರಿ ನೌಕರರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳ ಪ್ರಕಾರ. ಕೆಲಸದಿಂದ ತೆಗೆಯುವಂಥ ದೊಡ್ಡ ದಂಡನೆ ಕೊಡಬೇಕಾದರೆ ಆಪಾದನಾ ಪಟ್ಟಿ ಕೊಡಬೇಕು, ಆತ ನಿಮ್ಮಂಥ ಸಾಕ್ಷಿಗಳನ್ನು ಪಾಟೀಸವಾಲು ಮಾಡಲು ಬಿಡಬೇಕು. ವಿಚಾರಣಾಧಿಕಾರಿಯ ವರದಿಯ ಪ್ರತಿಯನ್ನೂ ಆತನಿಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 1993ರ ಕರುಣಾಕರ್ ಪ್ರಕರಣದಲ್ಲಿ ಹೇಳಿದೆ. ನಿಮಗೆ ಕೊಡಬೇಕೆಂದು ಹೇಳಿಲ್ಲ.

ಕೈಯೊಡ್ಡಿದವನಿಗೆ ಇಷ್ಟೆಲ್ಲ ಉಪಚಾರ ಯಾಕೆಂದು ಸಿಟ್ಟು ಬರುವುದು ಸಹಜ. ಆದರೆ ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಆತ ಕೆಎಟಿಗೆ (ರಾಜ್ಯ ಆಡಳಿತ ನ್ಯಾಯಮಂಡಳಿ) ಹೋಗಿ ಶಿಕ್ಷೆಯ ಆದೇಶವನ್ನೇ ರದ್ದು ಮಾಡಿಸಿಕೊಂಡು ಬರಬಹುದು. ಸುಳ್ಳು ದೂರಿಗೆ ಸಿಕ್ಕ ನೌಕರನಿಗೂ ಇದೇ ರಕ್ಷಣೆ. ಹಾಗಾಗಿ ವಿಚಾರಣೆ ಮುಗಿಯುವ ತನಕ ಬಾಯಿ ಬಿಡದಿರುವುದನ್ನು ನಾನು ಒಪ್ಪುತ್ತೇನೆ. ಅಂತಿಮ ಆದೇಶ ಆದ ಮೇಲೂ ದೂರುದಾರನಿಗೆ ಹೇಳದಿರುವುದು ಮಾತ್ರ ನ್ಯಾಯವಲ್ಲ, ಕಚೇರಿಯ ಅನುಕೂಲ.

ಅಂದಹಾಗೆ, ಎತ್ತಂಗಡಿ ಶಿಕ್ಷೆಯಲ್ಲ. ಸಿಸಿಎ ನಿಯಮ 8ರ ದಂಡನೆಗಳ ಪಟ್ಟಿಯಲ್ಲಿ ವಾಗ್ದಂಡನೆ, ಬಡ್ತಿ ತಡೆ, ವಜಾ ಎಲ್ಲ ಇವೆ, ವರ್ಗಾವಣೆ ಇಲ್ಲ. ಅಮಾನತೂ ಇಲ್ಲ. ‘ವರ್ಗ ಮಾಡಿದ್ದೇವಲ್ಲ ಸ್ವಾಮಿ’ ಎಂದು ಯಾರಾದರೂ ಸಮಾಧಾನ ಹೇಳಿದರೆ ದಂಡನೆ ಯಾವುದು, ಆದೇಶದ ದಿನಾಂಕ ಯಾವುದು ಎಂದು ಕೇಳಿ.

ಅದನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳೊಳಗೆ ಇರಬೇಕು. ನಿಮ್ಮ ಕಷ್ಟದ ಕಥೆಯನ್ನೆಲ್ಲ ಬರೆಯಲು ಹೋಗಬೇಡಿ. ಇಡೀ ವರದಿ ಕೇಳಿದರೆ ‘ವೈಯಕ್ತಿಕ ಮಾಹಿತಿ’ ಎಂದು ತಿರಸ್ಕರಿಸುವುದು ಬಹುತೇಕ ಖಚಿತ. ಸುಪ್ರೀಂ ಕೋರ್ಟಿನ 2012ರ ಗಿರೀಶ್ ದೇಶಪಾಂಡೆ ತೀರ್ಪು ನೌಕರರ ಶಿಸ್ತುಕ್ರಮದ ದಾಖಲೆಗಳನ್ನು ಆ ಸಾಲಿಗೆ ಸೇರಿಸಿತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಮಾಹಿತಿ ಹಕ್ಕು ಕಾಯ್ದೆಯ ತಿದ್ದುಪಡಿ ಆ ಬಾಗಿಲನ್ನು ಇನ್ನಷ್ಟು ಬಿಗಿ ಮಾಡಿದೆ. ಆದರೂ ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬಹುದೆನ್ನುವ ಅದೇ ಕಾಯ್ದೆಯ ಕಲಂ 8(2) ಹಾಗೇ ಉಳಿದಿದೆ. ಆದ್ದರಿಂದ ಸಣ್ಣದನ್ನೇ ಕೇಳಿ: ನಿಮ್ಮ ಇಂಥ ದಿನಾಂಕದ ದೂರಿನ ಮೇಲೆ ವಿಚಾರಣೆ ಮುಗಿದಿದೆಯೇ, ಅಂತಿಮ ಆದೇಶದ ಸಂಖ್ಯೆ ಮತ್ತು ದಿನಾಂಕ ಏನು, ನೀವು ಕೊಟ್ಟ ಹೇಳಿಕೆಯ ಪ್ರತಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ ಹಾಕಿ.

‘ವಿಚಾರಣೆ ಬಾಕಿ ಇದೆ’ ಎಂದಷ್ಟೇ ಬರೆದು ಕಳಿಸಿದರೆ ಅಲ್ಲಿಗೇ ಬಿಡಬೇಡಿ. ಮಾಹಿತಿ ಕೊಟ್ಟರೆ ವಿಚಾರಣೆಗೆ ಹೇಗೆ ಅಡ್ಡಿಯಾಗುತ್ತದೆಂದು ಅವರು ತೋರಿಸಬೇಕು. ಬಾಕಿ ಇರುವುದೊಂದೇ ಕಾರಣ ಸಾಲದೆಂದು ದೆಹಲಿ ಹೈಕೋರ್ಟ್ 2007ರಲ್ಲೇ ಹೇಳಿದೆ.

ಅವರವರೇ ವಿಚಾರಿಸುವುದರ ಬಗ್ಗೆ ನಿಮಗಿರುವ ಅನುಮಾನಕ್ಕೆ ಲೋಕಾಯುಕ್ತದ ದಾರಿ ಇದೆ. ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸಿ, ಘಟನೆ ನಡೆದು ಐದು ವರ್ಷ ತುಂಬುವುದರೊಳಗೆ ದೂರು ಕೊಡಬೇಕು. ಆರೋಪ ರುಜುವಾತಾಗಿ ವರದಿ ಹೋದರೆ, ಏನು ಕ್ರಮ ಕೈಗೊಂಡರೆಂದು ಸಕ್ಷಮ ಪ್ರಾಧಿಕಾರ ಮೂರು ತಿಂಗಳಲ್ಲಿ ಲೋಕಾಯುಕ್ತಕ್ಕೆ ತಿಳಿಸಬೇಕು. ಕ್ರಮ ತೃಪ್ತಿಕರವಾಗಿದ್ದು ಪ್ರಕರಣ ಮುಗಿಸುವಾಗ ದೂರುದಾರನಿಗೂ ತಿಳಿಸಬೇಕೆಂದು 1984ರ ಲೋಕಾಯುಕ್ತ ಕಾಯ್ದೆಯ ಕಲಂ 12ರಲ್ಲೇ ಇದೆ. ಸಿಸಿಎ ನಿಯಮಗಳಿಗೂ ಇಂಥದೊಂದು ಸಾಲು ಸೇರಿಸಲು ಸರ್ಕಾರಕ್ಕೆ ಖರ್ಚೇನೂ ಇಲ್ಲ.